ಹ್ಯಾಂಡಲ್ ಇಲ್ಲದ ಬಾಗಿಲು

"ಈ ಬಾಗಿಲು ಬೇಡ, ಬಿಚ್ಬಿಡಿ ಅಣ್ಣ," ಎಂದಳು ಕೀರ್ತನಾ, ನಿಂತಲ್ಲಿ ನಿಲ್ಲಲಾರದೆ. ತೀರಿಹೋದ ತಾತನ ಎರಡೇ ಸೀಟಿನ ಸ್ಪೋರ್ಟ್ಸ್ ಕಾರಿಗೆ ಡ್ರೈವರ್ ಕಡೆಯ ಹಳೇ ಬಾಗಿಲುಗಳು ಎರಡು ಸಿಕ್ಕಿದ್ದವು. ಒಂದಕ್ಕೆ ಹೊರಗೆ ಹ್ಯಾಂಡಲ್ ಇತ್ತು. ಮೆಕ್ಯಾನಿಕ್ ರುದ್ರೇಶ ಈಗಷ್ಟೇ ಕೂರಿಸಿದ್ದ ಇನ್ನೊಂದಕ್ಕೆ ಇರಲಿಲ್ಲ. "ಹ್ಯಾಂಡಲ್ ಇಲ್ದೆ ಯಾರಾದ್ರೂ ಬಾಗಿಲು ಮಾಡ್ತಾರಾ? ಇದು ಒರಿಜಿನಲ್ ಅಲ್ಲ."

ರುದ್ರೇಶ ಸ್ಪ್ಯಾನರ್ ಎತ್ತಿಕೊಂಡದ್ದೇ ತಡ, ಅವಳಿಗೆ ಮತ್ತೆ ಅನುಮಾನ. "ತಡೀರಿ, ತಡೀರಿ. ಅಜ್ಜೀ, ನಿಂಗೇನಾದ್ರೂ ನೆನಪಿದ್ಯಾ?"

"ನನ್ನೇನ್ ಕೇಳ್ತೀಯೇ? ಒಂದಿನಾನೂ ಆ ಕಾರ್ ಹತ್ತಿದೋಳಲ್ಲ ನಾನು. ಸುಂಕದಕಟ್ಟೇಲಿ ಸೊಸೆ ಕಾರಲ್ಲಿ ಓಡಾಡಿದ್ರೆ ನಮ್ಮತ್ತೆ ಸುಮ್ನೆ ಬಿಡ್ತಿದ್ರಾ?" ಮನೆಯವರೆಲ್ಲ ಕೇಳಿ ಕೇಳಿ ಸಾಕಾಗಿದ್ದ ಮಾತನ್ನೇ ಹೇಳುತ್ತ ಅಜ್ಜಿ ಅಕ್ಕಯ್ಯಮ್ಮ ಶೆಡ್ಡಿನೊಳಗೆ ಬಂದರು. "ಕಾಲು ನೋಯ್ತಾವೆ. ಕೂರಕ್ಕೇನಾದ್ರೂ ಕೊಡೇ."

ಕೀರ್ತನಾ ಸ್ಟೂಲಿಗಾಗಿ ಸುತ್ತ ನೋಡುವಷ್ಟರಲ್ಲಿ ಅಜ್ಜಿಯ ಕೈ ಗಾಜಿಲ್ಲದ ಆ ಗಿಡ್ಡ ಬಾಗಿಲ ಮೇಲಿಂದ ಒಳಗಿಳಿದು, ಅಲ್ಲಿದ್ದ ಹುರಿಯನ್ನು ನೋಡದೆಯೇ ಎಳೆಯಿತು. ಬಾಗಿಲು ತೆರೆದುಕೊಂಡಿತು. ಸೀರೆಯ ನೆರಿಗೆ ಒತ್ತಿ ಹಿಡಿದು, ಸ್ಟೇರಿಂಗಿನ ಹಿಂದೆ ಸರಕ್ಕನೆ ಜಾರಿ ಕೂತರು.

ರುದ್ರೇಶ ಸ್ಪ್ಯಾನರ್ ಕೆಳಗಿಟ್ಟ. ಅಜ್ಜಿಯ ಎಡಗಾಲು ಆಗಲೇ ಕ್ಲಚ್ ಮೇಲಿತ್ತು.