ಒಂಟಿಯವರಿಗೆ ಮೇಜಿಲ್ಲ

"ಎಲ್ಲಿ? ಯಾವ ಮೇಜು?"

"ಮೆಲ್ಲಗೆ ಅತ್ತೆ. ಕಿಟಕಿ ಪಕ್ಕ, ನೀಲಿ ಶರ್ಟು, ತುಂಬುತೋಳು. ತಿರುಗಿ ನೋಡ್ಬೇಡಿ."

ಅತ್ತೆ ತಿರುಗಿ ನೋಡಿಯೇಬಿಟ್ಟರು.

ಸೊಸೆ ಮೆನು ಹಾಳೆಯನ್ನು ಮುಖಕ್ಕೆ ಅಡ್ಡ ಹಿಡಿದಳು. ಹೋದ ಭಾನುವಾರ ಮಧ್ಯಾಹ್ನ, ಆಸ್ಪತ್ರೆಯ ಆಯಾಳಿಂದ ಗುಟ್ಟಾಗಿ ಪಡೆದ ವಿಳಾಸದಿಂದ ಆ ನೀಲಿ ಶರ್ಟಿನವನನ್ನು ಹಿಂಬಾಲಿಸಿ ಅವಳು ಒಬ್ಬಳೇ ಬಂದಾಗ ಬಾಗಿಲಲ್ಲೇ ತಡೆದಿದ್ದರು. ಈ ಕೊರಿಯನ್ ಬಾರ್ಬೆಕ್ಯೂ ಹೋಟೆಲಿನಲ್ಲಿ ಪ್ರತಿ ಮೇಜಿನ ನಡುವೆಯೂ ಒಂದು ಒಲೆ. ಅದರ ಕಾವಲಿಯ ಮೇಲೆ ಮಾಂಸ ಸುಟ್ಟು, ಕತ್ತರಿಯಲ್ಲಿ ಕತ್ತರಿಸಿ, ಸೊಪ್ಪಿನ ಎಲೆಯಲ್ಲಿ ಸುತ್ತಿ ತಿನ್ನುವ ಕೆಲಸವೆಲ್ಲ ಬಂದವರದೇ. ಒಬ್ಬರಿಗೆಂದು ಒಲೆ ಹೊತ್ತಿಸುವುದಿಲ್ಲ. "ಜೊತೆಗೆ ಯಾರೂ ಇಲ್ವಾ ಮೇಡಂ?" ಎಂದಿದ್ದರು ಹೋಟೆಲಿನವರು, ಪಾಪ, ಏನೂ ತಿಳಿಯದೆ. ಅವಳು ಬೀದಿಯಲ್ಲಿ ನಿಂತು ನೋಡಿದ್ದಳು, ಒಳಗಿನ ಆವಿ ಗಾಜನ್ನು ಪೂರ್ತಿ ಮುಚ್ಚುವ ತನಕ.

ಅದಕ್ಕೇ ಇವತ್ತು ಅತ್ತೆ. ಒಂಬತ್ತು ತಿಂಗಳಿಂದ ಒಂದೇ ಸೂರಿನಡಿ ಎಣ್ಣೆ ಸೀಗೆಕಾಯಿಯಂತೆ ಬದುಕಿದ ಅತ್ತೆ.

"ದುಡ್ಡೂ ನಾವೇ ಕೊಟ್ಟು ಅಡುಗೇನೂ ನಾವೇ ಮಾಡ್ಕೋಬೇಕಾ? ಇವ್ರು ಇರೋದು ಯಾತಕ್ಕೆ, ಪಾತ್ರೆ ತೊಳೆಯೋಕಾ?"

"ಸೀದು ಹೋಗ್ತಿದೆ, ತಿರುವಿ ಅತ್ತೆ."

"ಸೀಯ್ಲಿ ಬಿಡು. ಯಾರಿಗೆ ಗಂಟಲಲ್ಲಿ ಇಳಿಯತ್ತೆ."

ಮುಖ ಮಾತ್ರ ನೋಡಬಾರದು ಎಂದು ಸೊಸೆ ಮನೆಯಿಂದ ಹೊರಡುವಾಗಲೇ ನಿಶ್ಚಯಿಸಿದ್ದಳು. ಮುಖ ನೋಡಿದರೆ ಉಳಿದಿರುವ ಚೂರು ಧೈರ್ಯವೂ ಕುಸಿಯುತ್ತದೆ. ಏಳು ಸಮುದ್ರದಾಚೆಯ ಗಿಳಿಯಲ್ಲಿ ಜೀವ ಬಚ್ಚಿಟ್ಟ ರಾಕ್ಷಸನ ಕಥೆ ಕೇಳಿ ಬೆಳೆದವಳು ಅವಳು. ಈಗ ಅವಳ ಜೀವವೆಲ್ಲ ನಾಲ್ಕು ಮೇಜಿನಾಚೆ, ಇಕ್ಕಳ ಹಿಡಿದ ಆ ಬಲಗೈಯಲ್ಲಿತ್ತು.

ಕರೆಂಟು ಹೋದರೂ ಒಂದೇ ಸಲಕ್ಕೆ ಸೂಜಿಗೆ ದಾರ ಪೋಣಿಸುತ್ತಿದ್ದ ಕೈ. ಅವಳಿಗೆ ಜ್ವರ ಬಂದರೆ ಹಣೆಯ ಮೇಲಿಂದ ಕದಲದ ಕೈ. ಅದೀಗ ಇಕ್ಕಳ ಕೆಳಗಿಟ್ಟು ಕತ್ತರಿ ಎತ್ತಿಕೊಂಡಿತು. ಒಂದು ಎಳೆ ಮಾಂಸ ಕತ್ತರಿಸಲು ಎಳೆಮಗುವಿನಂತೆ ತಡವರಿಸಿತು.

"ಹದಿನೆಂಟು ವರ್ಷ ಬಟ್ಟೆ ಕತ್ತರಿಸಿದ ಕೈ ಕಣೇ," ಎಂದರು ಅತ್ತೆ. "ಎಷ್ಟು ಬೇಗ ಎಲ್ಲಾ ಮರೆತುಹೋಗಿದೆ ನೋಡು."

ಎದುರು ಕುಳಿತಿದ್ದ ಹಳದಿ ಬಟ್ಟೆಯ ಹೆಂಗಸು ಚಪ್ಪಾಳೆ ತಟ್ಟಿದಳು. "ಆಯ್ತಲ್ಲಾ! ಇನ್ನೊಂದು, ಇನ್ನೊಂದು ಕಟ್ ಮಾಡಿ."

"ಅವಳು?"

"ಹೆಂಡತಿ."

ಅತ್ತೆ ಬಹಳ ಹೊತ್ತು ನೋಡಿದರು. ಶಾಪ ಹಾಕುತ್ತಾರೆಂದು ಸೊಸೆ ಹೆದರಿದಳು.

"ಚೆನ್ನಾಗಿ ನೋಡ್ಕೊಂಡಿದಾಳೆ. ಉಗುರು ನೋಡು, ಎಷ್ಟು ನೀಟಾಗಿವೆ. ನಮ್ಮನೇಲಿದ್ದಾಗ ಕಚ್ಚಿ ಕಚ್ಚಿ ಮೊಂಡಾಗಿರ್ತಿದ್ವು."

ಸೊಸೆಯ ಕಣ್ಣು ಉರಿಯಿತು. ಹೊಗೆ ಎಂದುಕೊಂಡಳು. ಆದರೆ ಹೊಗೆಯನ್ನೆಲ್ಲ ತಲೆಯ ಮೇಲಿನ ಕೊಳವೆ ಹೀರಿಕೊಳ್ಳುತ್ತಿತ್ತು.

"ಅತ್ತೆ, ಒಂದ್ಸಲ ಹೋಗಿ ಆ ಕೈ ಹಿಡ್ಕೊಂಡು ಬಂದ್ಬಿಡ್ಲಾ?"

"ಹುಚ್ಚಾ ನಿಂಗೆ? ಹತ್ರ ಸುಳಿಯಲ್ಲ ಅಂತ ಬರ್ಕೊಟ್ಟಿದೀಯ."

"ಗೊತ್ತು."

"ಬಿಟ್ಟುಕೊಡ್ತೀನಿ ಅಂತ ಸಹಿ ಹಾಕಿದೋಳೂ ನೀನೇ. ಹೆತ್ತವಳನ್ನ ಒಂದು ಮಾತು ಕೇಳಿದ್ಯಾ?"

"ಕೇಳೋಷ್ಟು ಹೊತ್ತು ಯಾರು ಕೊಟ್ರು ಅತ್ತೆ? ಪೆನ್ನು ಹಿಡಿಸಿ ಎದುರಿಗೇ ನಿಂತಿದ್ರು."

ಅತ್ತೆ ಕರಿ ಹಿಡಿದ ಮಾಂಸದ ಚೂರನ್ನು ತಟ್ಟೆಯ ಅಂಚಿಗೆ ಸರಿಸಿದರು. ಆಮೇಲೆ, ತಮಗೆ ತಾವೇ ಹೇಳಿಕೊಳ್ಳುವಂತೆ ಕೇಳಿದರು. "ಒಂದ್ಸಲ ಹಿಡಿದ್ರೆ ಸಾಕು ಅಂತೀಯ. ಅಷ್ಟಕ್ಕೇ ನಿಲ್ಲತ್ತಾ?"

ಸೊಸೆಯ ಕಣ್ಣು ಆ ಕೈಯ ಮೇಲೇ ಇತ್ತು. ನಿಲ್ಲದಿದ್ದರೆ ನಾಳೆ ಮತ್ತೆ ಬರುತ್ತಾಳೆ, ನಾಡಿದ್ದೂ. ಅವರಿಗೆ ಗೊತ್ತಾಗುತ್ತದೆ, ಹೆದರುತ್ತಾರೆ, ಊರು ಬಿಟ್ಟು ಹೋಗುತ್ತಾರೆ. ಹಿಡಿಯದೆ ಎದ್ದು ಹೋದರೋ, ಮನೆಯ ಮೆಟ್ಟಿಲು ಹತ್ತುವ ಶಕ್ತಿಯೂ ತನ್ನಲ್ಲಿ ಉಳಿದಿಲ್ಲವೆಂದು ಅವಳಿಗೆ ಅನ್ನಿಸಿತು. ಅತ್ತ ದರಿ, ಇತ್ತ ಪುಲಿ.

ಕಿಟಕಿಯ ಬಳಿ ಹಳದಿ ಬಟ್ಟೆಯವಳು ಏನೋ ತಮಾಷೆ ಹೇಳಿದಳು. ನೀಲಿ ಶರ್ಟಿನವನು ಜೋರಾಗಿ ನಗುತ್ತ ಕತ್ತರಿ ಕೆಳಗಿಟ್ಟ. ಬಲಗೈಯನ್ನು ಹಾಗೇ ಮೇಜಿನ ಮೇಲೆ ಚಾಚಿದ.

ಮೇಜಿನ ಮೇಲಲ್ಲ. ಕಾವಲಿಯ ಅಂಚಿನ ಮೇಲೆ.

ಅವನ ನಗು ನಿಲ್ಲಲಿಲ್ಲ. ಕಿರುಬೆರಳಿನ ಬುಡದಿಂದ ಸಣ್ಣಗೆ ಹೊಗೆ ಏಳುತ್ತಿದ್ದರೂ ಅವನು ನಗುತ್ತಲೇ ಇದ್ದ.

ಸೊಸೆ ಎದ್ದದ್ದು ಅವಳಿಗೇ ತಿಳಿಯಲಿಲ್ಲ. ಕುರ್ಚಿ ಹಿಂದಕ್ಕೆ ಉರುಳಿತು. ಯಾರದೋ ಸೂಪು ಚೆಲ್ಲಿತು. "ಕೈ! ಕೈ ತೆಗೀರಿ!" ನಾಲ್ಕು ಮೇಜು ದಾಟಿ ಹೋಗಿ ಆ ಕೈಯನ್ನು ಎರಡೂ ಅಂಗೈಗಳಲ್ಲಿ ಬಾಚಿ ಎತ್ತಿಕೊಂಡಳು. ಹಿಂದೆಯೇ ಅತ್ತೆ, ಮಂಡಿನೋವಿನ ಅತ್ತೆ, ನೀರಿನ ಜಗ್ಗನ್ನೇ ತಂದು ಸುರಿದರು. "ಅಯ್ಯೋ ಕಂದಾ, ಬೆಂದುಹೋಯ್ತಲ್ಲೋ," ಎಂದು ಬೆರಳಿಗೆ ಉಫ್ ಉಫ್ ಎಂದು ಊದಿದರು.

ಹೋಟೆಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಹಳದಿ ಬಟ್ಟೆಯವಳು ಎದ್ದು ನಿಂತಳು. ಬರೆದುಕೊಟ್ಟ ಮಾತು ಮುರಿದಿತ್ತು. ಇನ್ನೇನು ಕೂಗುತ್ತಾರೆ, ಹೊರಗೆ ಹಾಕಿಸುತ್ತಾರೆ. ಆದರೂ ಸೊಸೆ ಕೈ ಬಿಡಲಿಲ್ಲ. ಅದು ಬೆಚ್ಚಗಿತ್ತು. ಒಂಬತ್ತು ತಿಂಗಳ ಬಳಿಕವೂ ಬೆಚ್ಚಗಿತ್ತು.

ಕೊನೆಗೆ ಅವಳು ತಲೆ ಎತ್ತಿ ಆ ಮುಖವನ್ನು ನೋಡಿದಳು. ಮೊಟ್ಟಮೊದಲ ಬಾರಿಗೆ.

"ತುಂಬಾ ಉಪಕಾರ ಆಯ್ತು ಅಕ್ಕಾ," ಎಂದ ಆ ಅಪರಿಚಿತ, ಒದ್ದೆಯಾದ ಶರ್ಟಿನ ತೋಳನ್ನು ಮೊಣಕೈವರೆಗೆ ಮಡಚಿ ಹೊಲಿಗೆಯ ಗುರುತು ತೋರಿಸುತ್ತ. "ಬಿಸಿ ಇನ್ನೂ ಗೊತ್ತಾಗಲ್ಲ ನಂಗೆ. ನನ್ನ ಕೈ ಮಿಷನ್ನಿಗೆ ಸಿಕ್ಕಿ ಹೋಯ್ತು, ಇದು ತೀರಿಕೊಂಡ ಯಾರೋ ಪುಣ್ಯಾತ್ಮರದು. ಕೊಟ್ಟ ಮನೆಯವರು ಯಾರು ಅಂತ ಕೇಳಿದ್ರೆ ಆಸ್ಪತ್ರೆಯವರು ಹೇಳೋದೇ ಇಲ್ಲ."