ಎಡಗಡೆಯ ಜಾಲರಿ

ಲಂಗೋಟಿ ಬಿಗಿಯುತ್ತಿದ್ದ ಶೇಖಪ್ಪನ ಕೈ ಎಡ ತೊಡೆಸಂದಿನ ಬಳಿ ನಿಂತಿತು. ಆರು ತಿಂಗಳ ಹಿಂದೆ ಅಲ್ಲಿ ನಿಂಬೆಹಣ್ಣಿನಷ್ಟು ಗಂಟಿತ್ತು, ಹರ್ನಿಯಾ. ಹುಬ್ಬಳ್ಳಿಯ ಡಾಕ್ಟರು ಹೊಟ್ಟೆಯ ಮೇಲೆ ಮೂರೇ ಮೂರು ಸಣ್ಣ ತೂತು ಮಾಡಿ, ಕ್ಯಾಮರಾದಲ್ಲಿ ನೋಡುತ್ತ, ಒಳಗೊಂದು ಜಾಲರಿ ಹಾಸಿ ಕರುಳು ಹೊರಬರುವ ದಾರಿ ಮುಚ್ಚಿದ್ದರು. ಈಗ ಗಂಟಿಲ್ಲ, ಗಾಯದ ಗುರುತೂ ಹುಡುಕಿದರಷ್ಟೇ ಕಾಣುತ್ತದೆ.

"ಇನ್ನ ಕುಸ್ತಿ ಹಿಡೀರಿ ಪೈಲ್ವಾನ್ರ. ಆ ಜಾಗ ಮೊದಲಿಗಿಂತ ಗಟ್ಟಿ ಆಗೇತಿ" ಎಂದು ಹೋದ ವಾರ ಡಾಕ್ಟರು ಹೇಳಿದ್ದರು. ಧೈರ್ಯಕ್ಕೆಂದು ಆಡಿದ ಆ ಮಾತೇ ಅವನ ತಲೆ ಕೊರೆಯುತ್ತಿತ್ತು.

"ವಸ್ತಾದ್ರ, ಎಲ್ಲಾರೂ ತಾಯಿ ಕೊಟ್ಟ ಮೈ ತಗೊಂಡು ಬರ್ತಾರ. ನಾ ಒಳಗ ಜಾಳಿ ಹಾಕ್ಕೊಂಡು ಬಂದೇನಿ. ಇದು ನ್ಯಾಯ ಏನ್ರಿ?"

ಕುಸ್ತಿ ಕಲಿಸಿದ ಮುದಕಪ್ಪ ಮೀಸೆಯಲ್ಲೇ ನಕ್ಕ. "ನಾ ಕಟ್ಟಿಸಿದ ಹಲ್ಲ ಹಾಕ್ಕೊಂಡೇನಿ. ಹಂಗಂತ ರೊಟ್ಟಿಗೆ ಹೇಳಿ ತಿನ್ನಲೇನು? ನಡಿ, ಹೆಸರ ಕೂಗಾಕತ್ತಾರ."

ಆದರೂ ಶೇಖಪ್ಪನ ಮನಸ್ಸು ತಡೆಯಲಿಲ್ಲ. ಹಳಿಯಾಳದ ಕೆಂಪು ಮಣ್ಣಿನ ಕಣದಲ್ಲಿ ಎದುರಾಳಿ ಕುಬೇರ ಕೈ ಕುಲುಕಿದಾಗ ಅವನು ಹಿಡಿದ ಕೈಯನ್ನು ಬಿಡಲಿಲ್ಲ. ಕುಬೇರ ಮುಂಡಗೋಡ ಕಡೆಯ ತಾಂಡಾದವ. ಎಡತೊಡೆಗೆ ಕೈ ಹಾಕಿ ಎತ್ತಿ ಒಗೆಯುವ ಪಟ್ಟಿಗೆ ಹೆಸರಾದವ.

"ಕುಬೇರಾ, ನನಗ ಎಡಗಡೆ ಹರ್ನಿಯಾ ಆಪರೇಶನ್ ಆಗೇತಿ. ಒಳಗ ಜಾಳಿ ಹಾಕ್ಯಾರ. ಕದ್ದುಮುಚ್ಚಿ ಆಡಬಾರದಂತ ಹೇಳಿದೆ."

"ಹೌದೇನಣ್ಣಾ?" ಕುಬೇರನ ಕಣ್ಣು ಒಮ್ಮೆ ಕೆಳಗಿಳಿದು ಮೇಲೆ ಬಂತು. "ಆತು ಬಿಡು."

ಶೇಖಪ್ಪನ ಎದೆ ಹಗುರಾಯಿತು. ಹತ್ತು ನಿಮಿಷ ಇಬ್ಬರೂ ಸರಿಸಮ. ಎರಡು ಸಲ ಅವನ ಎಡತೊಡೆ ಕುಬೇರನ ಕೈಗೆ ಸಿಕ್ಕೂ ಬಿಟ್ಟುಹೋಯಿತು. ಬೆವರಿಗೆ ಜಾರಿರಬೇಕು ಎಂದುಕೊಂಡ. ಮೂರನೆಯ ಸಲ, ಹಾಕಲು ಹೋದ ಕೈಯನ್ನು ಹಿಂದಕ್ಕೆಳೆದುಕೊಂಡ ಕುಬೇರ ಸಮತೋಲ ತಪ್ಪಿದ. ಶೇಖಪ್ಪ ಅವನ ಬೆನ್ನನ್ನು ನೆಲಕ್ಕೆ ಹಚ್ಚಿದ.

ಸುತ್ತ ಶಿಳ್ಳೆ ಎದ್ದಿತು. ಕುಬೇರ ಬೆನ್ನಿನ ಮಣ್ಣನ್ನೂ ಝಾಡಿಸದೆ ಹತ್ತಿರ ಬಂದು ಕಿವಿಯಲ್ಲಿ ಕೇಳಿದ: "ಅಣ್ಣಾ, ಎಡಗಡೆ ಎಲ್ಲೂ ನೋವಾಗಲಿಲ್ಲ ಹೌದಲ್ಲ?"

ಗೆದ್ದವನ ಕೈಯೆತ್ತಲು ಪಂಚರು ಬಂದರು. ಶೇಖಪ್ಪ ತಾನಾಗಿ ಎತ್ತದ ಆ ಕೈಯನ್ನು ಮೇಲಕ್ಕೆತ್ತಲು ಅವರು ತಮ್ಮ ಎರಡೂ ಕೈ ಹಚ್ಚಬೇಕಾಯಿತು.