ಐದು ರಾತ್ರಿಯ ಮಂದೆ

ಕುರಿಯವನು ಮೋಸ ಮಾಡಿದ, ಅದಕ್ಕೇ ಅಪ್ಪ ಹೊಡೆದ ಎಂದು ನಮ್ಮ ಮನೆಯವರೆಲ್ಲ ಇಂದಿಗೂ ಹೇಳುತ್ತಾರೆ. ಮೋಸ ಎಲ್ಲಿತ್ತು ಎಂದು ಕೇಳಿದರೆ ಯಾರೂ ತೋರಿಸುವುದಿಲ್ಲ. ಇವತ್ತು ಹೂಕುಂಡಕ್ಕೆ ತಂದ ಕುರಿಗೊಬ್ಬರದ ವಾಸನೆಗೆ ಆ ಮಧ್ಯಾಹ್ನ ಮರಳಿ ಬಂತು.

ಯಲ್ಲದಕೆರೆಯ ನಮ್ಮ ಹೊಲದಲ್ಲಿ ಗೊಬ್ಬರಕ್ಕಾಗಿ ಇನ್ನೂರು ಕುರಿ ಮೂರು ರಾತ್ರಿ ಮಲಗಬೇಕು, ಅದಕ್ಕೆ ಒಂದು ಚೀಲ ರಾಗಿ ಎಂದು ಮಾತಾಗಿತ್ತು. ಕುರಿ ಕಾಯುವ ಈರಜ್ಜ ತಂದದ್ದು ನೂರಿಪ್ಪತ್ತೇ. ದಿನವೂ ನಮ್ಮ ಮನೆಯ ಮುದ್ದೆ ಉಂಡು, ಐದು ರಾತ್ರಿ ಮಂದೆ ಮಲಗಿಸಿ, ರಾಗಿಗೆ ಬಂದ.

"ಕುರಿ ಕಮ್ಮಿ ತಂದು ಪೂರಾ ಚೀಲ ಕೇಳ್ತೀಯೇನಲೇ?" ಎಂದ ಅಪ್ಪ.

"ಅದಕ್ಕೇ ಎರಡು ರಾತ್ರಿ ಹೆಚ್ಚಿಗೆ ಮಲಗಿಸೀನಿ, ಗೌಡ್ರೇ."

ಅಪ್ಪ ನನ್ನನ್ನು ಕೂಗಿದ. "ಇನ್ನೂರು ಕುರಿಗೆ ಮೂರು ರಾತ್ರಿ ಆದ್ರೆ, ನೂರಿಪ್ಪತ್ತಕ್ಕೆ ಎಷ್ಟೇ?"

ನಾನು ಐದನೇ ಕ್ಲಾಸು, ತ್ರೈರಾಶಿ ಕಲಿತು ಎಂಟು ದಿನವಾಗಿತ್ತು. ಸ್ಲೇಟಿನ ಮೇಲೆ ಗುಣಿಸಿ ಭಾಗಿಸಿ, "ಎರಡು ರಾತ್ರಿನೂ ಬೇಕಾಗಲ್ಲ" ಎಂದೆ.

"ಕೇಳ್ದೇನಲೇ? ಮೂರು ದಿನ ಪುಕ್ಕಟೆ ಉಂಡೀಯ!"

ಬಾರುಕೋಲಿನ ಮೊದಲ ಏಟಿಗೇ ಈರಜ್ಜನ ಕಿವಿ ಹರಿಯಿತು. ಕಂಬಳಿ ಜಾರಿದ ಮೇಲೆ ಏಟುಗಳು ಬರಿಮೈಗೆ ಬಿದ್ದವು. ಹಲ್ಲೊಂದು ನನ್ನ ಸ್ಲೇಟಿನ ಪಕ್ಕ ಉದುರಿತು. ರಕ್ತ ತುಂಬಿದ ಬಾಯಲ್ಲಿ ಅವನು ಅಪ್ಪನನ್ನು ಬೇಡಲಿಲ್ಲ, ನನ್ನ ಕಡೆ ತಿರುಗಿದ.

"ಇನ್ನೊಂದ್ಸಲ ಮಾಡಿ ನೋಡವ್ವ. ಕುರಿ ಕಮ್ಮಿ ಆದ್ರೆ ರಾತ್ರೀನೂ ಕಮ್ಮಿ ಆಗ್ತಾವೇನವ್ವ?"

ನಾನು ಹೆದರಿ ಸ್ಲೇಟು ಒರೆಸಿಬಿಟ್ಟೆ. ರಾಗಿ ಚೀಲ ಮತ್ತೆ ಒಳಗೆ ಹೋಯಿತು.

ಲೆಕ್ಕ ತಪ್ಪಿದ್ದು ನಾನು, ಐದು ರಾತ್ರಿಯೇ ಸರಿ, ಒಪ್ಪುತ್ತೇನೆ. ಆದರೆ ಅಪ್ಪ, ಹುಟ್ಟಿದಾಗಿನಿಂದ ಆ ಹೊಲಕ್ಕೆ ಗೊಬ್ಬರ ಹಾಕಿದ್ದ ನಿನಗೆ ಅದನ್ನು ತಿಳಿಯಲು ನನ್ನ ಸ್ಲೇಟು ಬೇಕಿತ್ತೇ?